ಹಗ್ಗ ಯಾವುದು ಅಂತ ಕೈಗೆ ಗೊತ್ತಾಗಬೇಕು

ಗಣೇಶನ ಹಬ್ಬದ ಆರ್ಕೆಸ್ಟ್ರಾ. ರಾತ್ರಿ ಒಂಬತ್ತೂವರೆ ಇರಬೇಕು. ಗಾಯಕಿ ಅಮ್ಮನ ಮೇಲಿನ ಹಾಡೊಂದನ್ನು ಎಷ್ಟು ಚೆನ್ನಾಗಿ ಹಾಡಿದರು ಎಂದರೆ, ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಸರಿಯಾಗಿ ಹಿಂದಿನ ಎಲ್‌ಇಡಿ ವಾಲ್‌ನಲ್ಲಿ ದೀಪದ ವಿಡಿಯೊ ಮುಗಿದುಹೋಯಿತು. ವಿಡಿಯೊ ಪ್ಲೇಯರಿನ ಗುರುತಿನ ಚಿತ್ರ ಆಳೆತ್ತರಕ್ಕೆ ಬಂದು ನಿಂತಿತು. ಗಾಬರಿಯಲ್ಲಿ ಮುಂದಿನ ಫೈಲ್ ಒತ್ತಿದೆ. ಅದು ಶುರುವಾಗುವ ಮೊದಲು ತನ್ನ ಹೆಸರನ್ನೇ ವಾಲ್ ಮೇಲೆ ಬರೆದುಕೊಂಡಿತು: ‘ರೆಡ್ ಸ್ಮೋಕ್ ಫ್ರೀ ಡೌನ್‌ಲೋಡ್ ಫೈನಲ್ 2’.

ಜನ ನಕ್ಕರು. ಗಾಯಕಿ ತಿರುಗಿ ನೋಡಿದರು. ನಾನು ಲ್ಯಾಪ್‌ಟಾಪ್ ಹಿಂದೆ ತಲೆ ಬಗ್ಗಿಸಿಕೊಂಡೆ.

ನಾನು ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವಳು. ಮುಹೂರ್ತದ ಸೀಸನ್ ಇಲ್ಲದಾಗ ಕೆಲಸ ಕಡಿಮೆ. ಹಾಗಾಗಿ ಪರಿಚಯದ ಆರ್ಕೆಸ್ಟ್ರಾ ತಂಡವೊಂದಕ್ಕೆ ಎಲ್‌ಇಡಿಯಲ್ಲಿ ಹಿನ್ನೆಲೆ ವಿಡಿಯೊ ಓಡಿಸಲು ಒಪ್ಪಿಕೊಂಡಿದ್ದೆ. ‘ಸುಮ್ನೆ ಒಂದಾದ ಮೇಲೆ ಒಂದು ಪ್ಲೇ ಮಾಡೋದು ತಾನೇ’ ಅಂದುಕೊಂಡಿದ್ದೆ. ಅವತ್ತು ಸಾಮಾನು ಕಟ್ಟುವಾಗ ಕೀಬೋರ್ಡ್ ನುಡಿಸುವ ಅಣ್ಣ ಹತ್ತಿರ ಬಂದರು. ಬೈಯಲಿಲ್ಲ. ‘ನೋಡಮ್ಮಾ, ರಾಜ್ಯೋತ್ಸವಕ್ಕೆ ದೊಡ್ಡ ಪ್ರೋಗ್ರಾಂ ಇದೆ. ಅಷ್ಟರಲ್ಲಿ ಇದಕ್ಕೊಂದು ದಾರಿ ಮಾಡ್ಕೋ,’ ಎಂದರು. ಬೈದಿದ್ದರೆ ಇಷ್ಟು ಮನಸ್ಸಿಗೆ ನಾಟುತ್ತಿರಲಿಲ್ಲ.

ನನ್ನ ಕೈಯಲ್ಲಿ ಏಳು ವಾರ ಇತ್ತು.

ಈ ಕೆಲಸ ಮಾಡುವವರಿಗೆ ವಿಜೆ ಅನ್ನುತ್ತಾರೆ ಅಂತ ಗೊತ್ತಾದದ್ದೇ ಆಗ. ನಮ್ಮ ಕಡೆ ವಿಜೆ ಅಂದರೆ ಟಿವಿಯಲ್ಲಿ ಫೋನ್ ಕರೆ ತಗೊಂಡು ಹಾಡು ಹಾಕುವ ಹುಡುಗಿ. ಅದಲ್ಲದೆ ಇನ್ನೊಂದು ವಿಜೆ ಇದೆ. ಸಂಗೀತ ನಡೆಯುತ್ತಿರುವಾಗಲೇ ಚಿತ್ರಗಳನ್ನು ಬೆರೆಸುವುದು, ಬದಲಿಸುವುದು, ತಾಳಕ್ಕೆ ಕುಣಿಸುವುದು. 1960ರ ದಶಕದಲ್ಲೇ ಅಮೆರಿಕದಲ್ಲಿ ಗಾಜಿನ ತಟ್ಟೆಯಲ್ಲಿ ಬಣ್ಣದ ಎಣ್ಣೆ, ನೀರು ಹಾಕಿ ಅಲ್ಲಾಡಿಸಿ, ಪ್ರೊಜೆಕ್ಟರಿನಲ್ಲಿ ಹಾಡುಗಾರರ ಹಿಂದೆ ಬಿಡುತ್ತಿದ್ದರಂತೆ. ಈಗ ಆ ತಟ್ಟೆಯ ಜಾಗದಲ್ಲಿ ಸಾಫ್ಟ್‌ವೇರ್ ಕೂತಿದೆ. ಯಾವ ಸಾಫ್ಟ್‌ವೇರ್ ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಒಂದು ದೊಡ್ಡ ಪಟ್ಟಿ ಮಾಡಿದೆ. ಅದರಲ್ಲಿ ಕಾಲು ಭಾಗ ಒಂದೇ ಏಟಿಗೆ ಹೋಯಿತು. ವಿಡಿಎಂಎಕ್ಸ್, ಮಾಡ್ಯುಲ್8 ಮುಂತಾದವು ಮ್ಯಾಕ್‌ನಲ್ಲಿ ಮಾತ್ರ ನಡೆಯುವಂಥವು. ನನ್ನದು ವಿಂಡೋಸ್ ಲ್ಯಾಪ್‌ಟಾಪ್: ಐ5, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಇನ್ನೂ ಕಂತು ಮುಗಿದಿಲ್ಲ. ಇದನ್ನು ಬಿಟ್ಟು ಮ್ಯಾಕ್ ಕೊಳ್ಳುವ ಮಾತೇ ಇಲ್ಲ.

ಉಳಿದವುಗಳಲ್ಲಿ ಓಬಿಎಸ್ ನನಗೆ ಮೊದಲೇ ಗೊತ್ತು. ಮದುವೆ ಲೈವ್‌ಗೆ ಅದನ್ನೇ ಬಳಸುತ್ತೇವೆ. ಪುಕ್ಕಟೆ, ಮುಕ್ತ ತಂತ್ರಾಂಶ, ನಂಬಿಕಸ್ತ. ಐದಾರು ದೃಶ್ಯ ಮಾಡಿಟ್ಟುಕೊಂಡು ಒಂದರಿಂದ ಒಂದಕ್ಕೆ ಹೋಗುವುದಾದರೆ ಸಾಕು. ಆದರೆ ಅದನ್ನು ಮಾಡಿರುವುದು ಪ್ರಸಾರಕ್ಕೆ. ತಾಳ, ಲಯ ಅದರ ಕೆಲಸವಲ್ಲ. ಮದುವೆಗೆ ಇರಲಿ ಅಂತ ಬಿಟ್ಟೆ. ಮ್ಯಾಜಿಕ್ ಅನ್ನುವ ಇನ್ನೊಂದನ್ನು ಒಂದು ಸಂಜೆ ನೋಡಿದೆ. ಧ್ವನಿ ಕೊಟ್ಟರೆ ತಾನಾಗಿ ಬಣ್ಣ ಕುಣಿಸುತ್ತದೆ, ಚೆನ್ನಾಗಿದೆ. ಆದರೆ ನನ್ನ ತಂಡಕ್ಕೆ ಬೇಕಾದದ್ದು ಕುಣಿಯುವ ಬಣ್ಣ ಅಷ್ಟೇ ಅಲ್ಲ, ಧ್ವಜ, ದೀಪ, ನದಿ, ಅತಿಥಿಗಳ ಹೆಸರು. ಹೈಡ್ರಾ ಅನ್ನುವುದು ಬ್ರೌಸರಿನಲ್ಲೇ ನಡೆಯುತ್ತದೆ. ಓಲಿವಿಯಾ ಜ್ಯಾಕ್ ಎಂಬ ಕಲಾವಿದೆ ಬರೆದದ್ದು. ಒಂದು ಸಾಲು ಕೋಡ್ ಟೈಪ್ ಮಾಡಿದರೆ ಪರದೆ ತುಂಬ ಅಲೆ ಏಳುತ್ತದೆ. ಅಕ್ಕನ ಮಗನಿಗೆ ತೋರಿಸಿದೆ, ಅವನು ಎರಡು ದಿನ ಲ್ಯಾಪ್‌ಟಾಪ್ ಬಿಟ್ಟುಕೊಡಲಿಲ್ಲ. ನನಗೆ ಮಾತ್ರ ಸ್ಟೇಜ್ ಪಕ್ಕ ಕತ್ತಲಲ್ಲಿ ಕೂತು ಟೈಪ್ ಮಾಡುವ ಧೈರ್ಯ ಬರಲಿಲ್ಲ.

ನಿಜವಾಗಿ ಮರುಳಾದದ್ದು ಟಚ್‌ಡಿಸೈನರ್‌ಗೆ. ಕೆನಡಾದ ಡೆರಿವೇಟಿವ್ ಕಂಪನಿಯದು. ಚೌಕ ಚೌಕ ಪೆಟ್ಟಿಗೆಗಳು, ಒಂದರಿಂದ ಇನ್ನೊಂದಕ್ಕೆ ತಂತಿ. ಒಂದು ಪೆಟ್ಟಿಗೆ ಧ್ವನಿ ತಗೊಳ್ಳುತ್ತದೆ, ಇನ್ನೊಂದು ಅದರಲ್ಲಿ ಡೋಲಿನ ಏಟು ಹುಡುಕುತ್ತದೆ, ಮತ್ತೊಂದು ಆ ಏಟಿಗೆ ಚಿತ್ರ ಹಿಗ್ಗಿಸುತ್ತದೆ. ತಮಟೆ ಬಡಿದ ಹಾಗೆಲ್ಲ ಎಸಳು ಬಿಚ್ಚಿಕೊಳ್ಳುವ ರಂಗೋಲಿಯೊಂದನ್ನು ಮಾಡಿದೆ. ಅದಕ್ಕೆ ಹಿಡಿದದ್ದು ಎರಡು ವಾರ. ರಂಗೋಲಿ ಚೆನ್ನಾಗಿತ್ತು. ಆದರೆ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಇಪ್ಪತ್ತಾರು ಹಾಡಿದ್ದವು. ಈ ಲೆಕ್ಕದಲ್ಲಿ ಎಲ್ಲ ಮುಗಿಯಲು ಒಂದು ವರ್ಷ ಬೇಕು.

ಇನ್ನೊಂದು ತೊಡಕು ಲೈಸೆನ್ಸಿನದು. ಟಚ್‌ಡಿಸೈನರಿನ ಉಚಿತ ಆವೃತ್ತಿ ದುಡ್ಡು ತಗೊಳ್ಳದ ಕೆಲಸಕ್ಕೆ ಮಾತ್ರ. ಚಿತ್ರದ ಅಳತೆಯೂ 1280×1280 ಪಿಕ್ಸೆಲ್ ದಾಟುವಂತಿಲ್ಲ. ಅಳತೆ ನನಗೆ ಸಾಲುತ್ತಿತ್ತು. ಆದರೆ ನಾನು ರಾತ್ರಿಗೆ ನಾಲ್ಕು ಸಾವಿರ ತಗೊಳ್ಳುತ್ತೇನೆ. ತುಮಕೂರಿನ ಆರ್ಕೆಸ್ಟ್ರಾವನ್ನು ಯಾರು ಬಂದು ನೋಡುತ್ತಾರೆ ಅಂತ ಗೆಳತಿ ಅಂದಳು. ಯಾರೂ ನೋಡುವುದಿಲ್ಲ ನಿಜ. ಆದರೂ ನಾನು ಎಡಿಟ್ ಮಾಡಿದ ಮದುವೆ ಹಾಡನ್ನು ಇನ್ನೊಂದು ಸ್ಟುಡಿಯೊದವರು ತಮ್ಮದು ಅಂತ ಹಾಕಿಕೊಂಡಾಗ ನಾನು ಮಾಡಿದ ಜಗಳ ನೆನಪಾಯಿತು. ಸುಮ್ಮನಾದೆ.

ಆ ಭಾನುವಾರ ಗುಬ್ಬಿಗೆ ಮಾವನ ಮನೆಗೆ ಹೋಗಿದ್ದೆ. ಅಮ್ಮನ ಅಣ್ಣ ಅವರು. ನಾಟಕದ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ಮೂವತ್ತು ವರ್ಷ ದುಡಿದವರು. ನಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರಲ್ಲ, ಅದಕ್ಕೆ ಲಾರಿಯಲ್ಲಿ ಪರದೆ, ವಿಂಗು, ಸಿಂಹಾಸನ ಹೇರಿಕೊಂಡು ಹೋಗುವ ಕೆಲಸ. ದರ್ಬಾರು, ಕಾಡು, ಬೀದಿ, ಅಂತಃಪುರ. ಒಂದೊಂದು ಪರದೆಗೂ ಒಂದೊಂದು ಹಗ್ಗ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಊರು ಬೇರೆ. ರಂಗದ ಮೇಲೆ ಆನೆ, ಕುದುರೆ ತಂದವರು ಅವರು. ಮಾವ ಹುಟ್ಟುವ ಹೊತ್ತಿಗೆ ಆ ಆನೆಗಳ ಕಾಲ ಮುಗಿದಿತ್ತು. ಆದರೂ ಆನೆಗೆ ನೀರು ಕುಡಿಸಿದವರ ಹಾಗೆ ಮಾತಾಡುತ್ತಾರೆ.

ನನ್ನ ರಂಗೋಲಿ ತೋರಿಸಿದೆ. ನೋಡಿದರು. ‘ಚೆನ್ನಾಗೈತೆ ಕಣವ್ವಾ. ಹಾಡೋನು ಮುಂದಿನ ಹಾಡು ಬಿಟ್ಟು ಬೇರೆ ಶುರು ಮಾಡಿದ್ರೆ ಏನ್ ಮಾಡ್ತೀಯ?’

‘ಲಿಸ್ಟ್ ಕೊಟ್ಟಿರ್ತಾರೆ ಮಾವ.’

ಮಾವ ನಕ್ಕರು. ‘ನಮಗೂ ಮೇಷ್ಟ್ರು ಲಿಸ್ಟ್ ಕೊಡೋರು. ಯಾರೋ ಎದ್ದು ಐನೂರು ರೂಪಾಯಿ ಮುಯ್ಯಿ ಹಾಕಿ ಒನ್ಸ್ ಮೋರ್ ಅಂದ್ರೆ ಕೃಷ್ಣ ಕಾಡಲ್ಲಿದ್ದೋನು ಮತ್ತೆ ದರ್ಬಾರಿಗೇ ಬರ್ತಿದ್ದ. ಆಗ ದೀಪ ಹುಡುಕ್ಕೊಂಡು ಕೂರಕ್ಕಾಗ್ತದಾ? ಹಗ್ಗಕ್ಕೆ ಗಂಟು ಹಾಕ್ಕೊಂಡಿದ್ದೆ. ಒಂದು ಗಂಟು ದರ್ಬಾರು, ಎರಡು ಗಂಟು ಕಾಡು. ಹಗ್ಗ ಯಾವುದು ಅಂತ ಕೈಗೆ ಗೊತ್ತಾಗಬೇಕು, ಕಣ್ಣಿಗಲ್ಲ.’

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಟ್ಟಿ ತೆಗೆದು ನೋಡಿದೆ. ಯಾವುದರಲ್ಲಿ ಎಷ್ಟು ಎಫೆಕ್ಟ್ ಇದೆ, ಯಾವುದರ ಚಿತ್ರ ಎಷ್ಟು ಚೆಂದ ಅಂತ ಅಂಕ ಹಾಕಿದ್ದೆ. ಅದರ ಪಕ್ಕ ಬೇರೆ ಪ್ರಶ್ನೆ ಬರೆದೆ. ಹಾಡು ತಲೆಕೆಳಗಾದರೆ ಎಷ್ಟು ಸೆಕೆಂಡಿನಲ್ಲಿ ಇನ್ನೊಂದು ಚಿತ್ರಕ್ಕೆ ಹೋಗಬಹುದು? ಕೇಬಲ್ ಕಿತ್ತುಬಂದರೆ ಏನಾಗುತ್ತದೆ? ಏನೂ ಒತ್ತದಿದ್ದರೆ ಏನು ಕಾಣುತ್ತದೆ?

ಕೊನೆಯದು ಚಿಕ್ಕ ಪ್ರಶ್ನೆ ಅನಿಸಬಹುದು. ಗಣೇಶನ ಹಬ್ಬದಲ್ಲಿ ನನ್ನ ಮರ್ಯಾದೆ ತೆಗೆದದ್ದು ಅದೇ.

ಈ ಕಣ್ಣಿನಿಂದ ನೋಡಿದಾಗ ರೆಸೊಲ್ಯೂಮ್ ಮೇಲೆ ಬಂತು. ನೆದರ್‌ಲ್ಯಾಂಡ್ಸ್‌ನವರದು. ಅದರ ಮುಖ ನೋಡಿದರೆ ಚೌಕಬಾರದ ಮನೆಗಳ ಹಾಗೆ. ಅಡ್ಡಸಾಲು ಒಂದೊಂದೂ ಒಂದು ಲೇಯರ್. ಪ್ರತಿ ಮನೆಯಲ್ಲಿ ಒಂದು ವಿಡಿಯೊ. ಒತ್ತಿದ ತಕ್ಷಣ ಅದು ಬರುತ್ತದೆ, ಅದೇ ಸಾಲಿನ ಹಳೆಯದು ಹೋಗುತ್ತದೆ. ಕೆಳಗಿನ ಸಾಲಿನಲ್ಲಿ ಹಿನ್ನೆಲೆ, ಅದರ ಮೇಲೆ ಹೊಗೆ, ಕಿಡಿ, ಅದಕ್ಕೂ ಮೇಲೆ ಹೆಸರು. ವಿಡಿಯೊ ಮುಗಿದರೆ ತಾನೇ ಮತ್ತೆ ಮೊದಲಿನಿಂದ ಓಡುತ್ತದೆ. ನಿಲ್ಲಿಸು ಅಂದರೆ ಕಪ್ಪು. ಗುರುತಿನ ಚಿತ್ರ, ಫೈಲ್ ಹೆಸರು ವಾಲ್‌ಗೆ ಹೋಗುವುದೇ ಇಲ್ಲ. ಮಾವನ ಹಗ್ಗದ ಸಾಲು ಇದೇ ಅಲ್ವಾ ಅನಿಸಿತು.

ದುಡ್ಡು ಕೊಡದಿದ್ದರೂ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಆದರೆ ಚಿತ್ರದ ಮೇಲೆ ಅವರ ಗುರುತು ಬರುತ್ತದೆ, ಧ್ವನಿಯ ನಡುವೆ ಒಂದು ಮಾತೂ ತೂರುತ್ತದೆ. ಕಲಿಯಲು ಇದು ಸಾಕು. ನಾಲ್ಕು ವಾರ ಹಾಗೇ ಕಲಿತೆ.

ಮೊದಲ ದಿನವೇ ಮೂರು ಲೇಯರ್ ಹಾಕಿ ಒತ್ತಿದೆ. ಚಿತ್ರ ತಡವರಿಸಿತು. ಹಿಮ್ಮುಖವಾಗಿ ಓಡಿಸಿದರಂತೂ ಕುಂಟುತ್ತಿತ್ತು. ಲ್ಯಾಪ್‌ಟಾಪ್ ಸಾಲದು ಅಂತ ಬೇಜಾರು ಮಾಡಿಕೊಂಡೆ. ತಪ್ಪು ಲ್ಯಾಪ್‌ಟಾಪಿನದಲ್ಲ, ನನ್ನ ಫೈಲುಗಳದು.

ನಾವು ಮೊಬೈಲಿನಲ್ಲಿ ನೋಡುವ, ಮದುವೆಯವರಿಗೆ ಪೆನ್‌ಡ್ರೈವಿನಲ್ಲಿ ಕೊಡುವ ವಿಡಿಯೊ ಸಾಮಾನ್ಯವಾಗಿ ಎಚ್.264 ಅನ್ನುವ ರೀತಿಯಲ್ಲಿ ಅಮುಕಿ ಕಟ್ಟಿದ್ದು. ಅಂಗಡಿಯ ಸಾಲದ ಪುಸ್ತಕದ ಹಾಗೆ ಅದು. ಪೂರ್ತಿ ಬಾಕಿ ಎಲ್ಲೋ ಒಂದು ಪುಟದಲ್ಲಿ ಬರೆದಿರುತ್ತದೆ. ಆಮೇಲಿನ ಪುಟಗಳಲ್ಲಿ ‘ಇವತ್ತು ಐವತ್ತು ಸೇರಿತು, ನಾಳೆ ಇಪ್ಪತ್ತು ಹೋಯಿತು’ ಅಂತ ಬದಲಾದದ್ದಷ್ಟೇ. ಮೊದಲಿಂದ ಓದಿಕೊಂಡು ಬಂದರೆ ಸಲೀಸು, ಪುಸ್ತಕವೂ ತೆಳ್ಳಗಿರುತ್ತದೆ. ನಡುವಿನ ಒಂದು ದಿನದ ಬಾಕಿ ಎಷ್ಟು ಅಂತ ಥಟ್ಟನೆ ಕೇಳಿದರೆ ಹಿಂದಕ್ಕೆ ಹೋಗಿ ಕೂಡಿಸಿಕೊಂಡು ಬರಬೇಕು. ವಿಜೆ ಕೆಲಸದಲ್ಲಿ ಪ್ರತಿ ಕ್ಷಣವೂ ಥಟ್ಟನೆ ಕೇಳುವುದೇ. ಅದೂ ಮೂರು ಪುಸ್ತಕದಿಂದ ಒಟ್ಟಿಗೆ.

ಇದಕ್ಕೆ ಬೇರೆ ಕೋಡೆಕ್‌ಗಳಿವೆ, ಅಂದರೆ ವಿಡಿಯೊ ಅಮುಕಿ ಕಟ್ಟಿಡುವ ಬೇರೆ ರೀತಿಗಳು. ರೆಸೊಲ್ಯೂಮ್‌ನವರದೇ ಆದ ಡಿಎಕ್ಸ್‌ವಿ ಒಂದು. ಹ್ಯಾಪ್ ಅನ್ನುವ ಮುಕ್ತ ಕೋಡೆಕ್ ಇನ್ನೊಂದು. ಎರಡರಲ್ಲೂ ಪ್ರತಿ ಚಿತ್ರವೂ ಪೂರ್ತಿ ಚಿತ್ರ. ಅದನ್ನು ಬಿಚ್ಚುವ ಕೆಲಸವೂ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನದೇ. ಬದಲಿಗೆ ಫೈಲ್ ಊದಿಕೊಳ್ಳುತ್ತದೆ. ಮಾಮೂಲಿ ಹ್ಯಾಪ್‌ನಲ್ಲಿ ಒಂದು ಪಿಕ್ಸೆಲ್‌ಗೆ ಅರ್ಧ ಬೈಟ್. 1920×1080 ಅಳತೆಗೆ ಒಂದು ಚಿತ್ರಕ್ಕೆ ಸುಮಾರು 1 ಎಂಬಿ, ಸೆಕೆಂಡಿಗೆ 30 ಚಿತ್ರ ಅಂದರೆ 31 ಎಂಬಿ, ನಿಮಿಷಕ್ಕೆ ಹೆಚ್ಚುಕಡಿಮೆ 1.8 ಜಿಬಿ. ಮತ್ತಷ್ಟು ಅಮುಕಿ ಇಡುವುದರಿಂದ ಸ್ವಲ್ಪ ಕಡಿಮೆಯಾಗಬಹುದು, ಆದರೆ ನಂಬಿಕೊಳ್ಳಬೇಕಾದ ಲೆಕ್ಕ ಇದೇ. ಹಳೆಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಿಂದ ಮೂರು ಲೇಯರ್ ಓಡಿಸುವ ಆಸೆ ಅಲ್ಲಿಗೇ ಬಿಟ್ಟೆ. ಕ್ಲಿಪ್ ಎಲ್ಲ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಹಾಕಿಕೊಂಡೆ. ಆಲಿ ಅನ್ನುವ ಉಚಿತ ಸಾಫ್ಟ್‌ವೇರನ್ನು ರೆಸೊಲ್ಯೂಮ್‌ನವರೇ ಕೊಡುತ್ತಾರೆ. ರಾತ್ರಿ ಅದಕ್ಕೆ ಫೈಲ್ ಕೊಟ್ಟು ಮಲಗಿದರೆ ಬೆಳಿಗ್ಗೆ ಎಲ್ಲ ಡಿಎಕ್ಸ್‌ವಿ ಆಗಿರುತ್ತಿತ್ತು. ಅದೇ ಲ್ಯಾಪ್‌ಟಾಪ್, ಅದೇ ಮೂರು ಲೇಯರ್. ಈ ಸಲ ಎಣ್ಣೆ ಸುರಿದ ಹಾಗೆ ಓಡಿತು.

ಆಮೇಲೆ ವಾಲ್‌ನ ಅಳತೆ. ಬಾಡಿಗೆಗೆ ಕೇಳುವಾಗ ನಾವು ಅಡಿಯಲ್ಲಿ ಮಾತಾಡುತ್ತೇವೆ, ಹದಿಮೂರು ಎಂಟು ಅಂತ. ಸಾಫ್ಟ್‌ವೇರಿಗೆ ಅಡಿ ಗೊತ್ತಿಲ್ಲ. ಎಲ್‌ಇಡಿ ಹುಡುಗರನ್ನು ಕೇಳಿದೆ. ಅರ್ಧ ಮೀಟರ್ ಚದರದ ಪ್ಯಾನೆಲ್, ಅಡ್ಡಕ್ಕೆ ಎಂಟು, ಎತ್ತರಕ್ಕೆ ಐದು. ಪಿ3.91, ಅಂದರೆ ಒಂದು ದೀಪದಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್. ಒಂದು ಪ್ಯಾನೆಲ್‌ನಲ್ಲಿ 128×128 ಪಿಕ್ಸೆಲ್. ಪೂರ್ತಿ ವಾಲ್ 1024×640. ಅಷ್ಟೇ! ಅಷ್ಟು ದೊಡ್ಡ ವಾಲ್‌ನಲ್ಲಿ ನನ್ನ ಮೊಬೈಲ್‌ಗಿಂತ ಕಡಿಮೆ ಪಿಕ್ಸೆಲ್. ನಾನು ಇಂಟರ್‌ನೆಟ್ಟಿನ ದುಡ್ಡು ಸುರಿದು 4ಕೆ ವಿಡಿಯೊ ಇಳಿಸಿಕೊಳ್ಳುತ್ತಿದ್ದೆ.

ಒಂದು ತಮಾಷೆ. 1024ನ್ನು 640ರಿಂದ ಗುಣಿಸಿದರೆ 6,55,360. ವಾಲ್‌ಗೆ ಚಿತ್ರ ಕಳಿಸುವ ಅವರ ಕಂಟ್ರೋಲರಿನ ಒಂದು ನೆಟ್‌ವರ್ಕ್ ಪೋರ್ಟ್ ಹೊರುವುದು 6,50,000 ಪಿಕ್ಸೆಲ್. ಬರೀ ಐದು ಸಾವಿರ ಚಿಲ್ಲರೆ ಜಾಸ್ತಿಯಾಗಿದ್ದಕ್ಕೆ ಎರಡನೇ ಕೇಬಲ್ ಎಳೆಯಬೇಕಿತ್ತು. ‘ಏನ್ಮಾಡೋದು ಅಕ್ಕಾ, ಒಬ್ಬರು ಜಾಸ್ತಿ ಆದರೂ ಇನ್ನೊಂದು ಆಟೊ ಮಾಡಬೇಕಲ್ವಾ,’ ಎಂದ ಆ ಹುಡುಗ.

ಈ ಅಳತೆಯಲ್ಲಿ ಇನ್ನೊಂದು ತೊಡಕು ಇತ್ತು. ನಮ್ಮ ವಿಡಿಯೊಗಳೆಲ್ಲ 16:9. ವಾಲ್ ಲೆಕ್ಕ ಹಾಕಿದರೆ 16:10. ಅವರ ಪ್ರೊಸೆಸರ್ ಏನು ಕೊಟ್ಟರೂ ವಾಲ್ ತುಂಬ ಎಳೆದು ಕೂರಿಸುತ್ತದೆ. ಒಂದು ಕಲ್ಯಾಣ ಮಂಟಪದಲ್ಲಿ ಅವರ ಬೇರೆ ಕೆಲಸ ನಡೆಯುವಾಗ ಅರ್ಧ ಗಂಟೆ ಬೇಡಿಕೊಂಡು ಪರೀಕ್ಷೆ ಮಾಡಿದೆ. ಕರ್ನಾಟಕದ ನಕ್ಷೆ ಹತ್ತರಲ್ಲೊಂದು ಪಾಲು ಸೊರಗಿ, ಉದ್ದಕ್ಕೆ ನಿಂತಿತು. ಬೇರೆ ದಿನ ಆದರೆ ಯಾರೂ ಗಮನಿಸುವುದಿಲ್ಲ. ರಾಜ್ಯೋತ್ಸವದ ದಿನ ನಕ್ಷೆ ಸೊರಗಿದರೆ ಬಿಡುತ್ತಾರಾ? ಮನೆಗೆ ಬಂದು ಕೂತು ಯೋಚಿಸಿದೆ. ಲ್ಯಾಪ್‌ಟಾಪಿನಿಂದ ಹೊರಗೆ ಹೋಗುವ ಚಿತ್ರವನ್ನೇ 1280×800 ಮಾಡಿದೆ. ಅದೂ 16:10. ರೆಸೊಲ್ಯೂಮ್ ಒಳಗೂ ಅದೇ ಅಳತೆ. ನಕ್ಷೆ ಸರಿಯಾಯಿತು. ಫೈಲ್ ಕೂಡ ಅರ್ಧಕ್ಕೆ ಇಳಿಯಿತು.

ಈಗ ಧ್ವನಿ. ಬಟವಾಡಿಯಲ್ಲಿ ತಂಡದವರು ಪ್ರಾಕ್ಟೀಸ್ ಮಾಡುವ ರೂಮಿಗೆ ಹೋದೆ. ಲ್ಯಾಪ್‌ಟಾಪಿನ ಮೈಕ್‌ಗೆ ಹಾಡು ಕೇಳಿಸಿದರೆ ಚಿತ್ರ ಕುಣಿಯಬೇಕು. ಕುಣಿಯಲಿಲ್ಲ. ಆ ಮೈಕ್‌ನಲ್ಲಿ ಗದ್ದಲ ತಗ್ಗಿಸುವ ಸೌಲಭ್ಯ ಇರುತ್ತದಲ್ಲ, ಅದು ಡ್ರಮ್ಮನ್ನೇ ಗದ್ದಲ ಅಂದುಕೊಂಡು ನುಂಗುತ್ತಿತ್ತು. ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಮಿಕ್ಸರಿನಿಂದ ನೇರ ಲೈನ್ ತಗೊಂಡೆ. ಈಗ ಕುಣಿಯಿತು. ಎಷ್ಟು ಕುಣಿಯಿತು ಅಂದರೆ, ನಿರೂಪಕರು ಮೈಕ್ ಹಿಡಿದು ‘ಎಲ್ಲರೂ ಜೋರಾಗಿ ಚಪ್ಪಾಳೆ’ ಅಂದಾಗಲೂ ಕಿಡಿ ಹಾರಿತು. ಅವರು ಕೆಮ್ಮಿದರೂ ಹಾರಿತು. ಪಾಪ, ಅವರಿಗೆ ಇಷ್ಟವಾಯಿತು ಅಂತ ಕಾಣುತ್ತದೆ, ಬೇಕಂತಲೇ ಎರಡು ಸಲ ಕೆಮ್ಮಿದರು. ಸೌಂಡ್ ನೋಡುವ ಅಣ್ಣನನ್ನು ಕೇಳಿ, ಮಾತು, ಹಾಡು ಇಲ್ಲದ, ಬರೀ ರಿದಮ್ ಪ್ಯಾಡ್ ಮತ್ತು ಡೋಲಕ್ ಇರುವ ಒಂದು ಆಕ್ಸ್ ಲೈನ್, ಅಂದರೆ ಮಿಕ್ಸರಿನಿಂದ ಪ್ರತ್ಯೇಕವಾಗಿ ಹೊರಬರುವ ಲೈನ್, ಮಾಡಿಸಿಕೊಂಡೆ.

ತಾಳದ ಸಮಸ್ಯೆ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಟ್ಯಾಪ್ ಬಟನ್ ಅಂತ ಇದೆ, ತಾಳಕ್ಕೆ ಸರಿಯಾಗಿ ನಾಲ್ಕು ಸಲ ತಟ್ಟಿದರೆ ವೇಗ ಹಿಡಿದುಕೊಳ್ಳುತ್ತದೆ. ಟ್ರ್ಯಾಕ್ ಹಾಕಿ ಹಾಡುವ ಹಾಡುಗಳಿಗೆ ಇದು ಸೊಗಸು. ಆದರೆ ನಮ್ಮ ಕುಣಿಯುವ ಹಾಡುಗಳಲ್ಲಿ ಎಷ್ಟೋ ಆರರ ಎಣಿಕೆಯವು. ನನ್ನ ಕ್ಲಿಪ್ಪುಗಳೆಲ್ಲ ನಾಲ್ಕರ ಲೆಕ್ಕದವು. ಎರಡು ಸುತ್ತು ಹೋಗುವಷ್ಟರಲ್ಲಿ ಡೋಲು ಒಂದು ಕಡೆ, ಚಿತ್ರ ಒಂದು ಕಡೆ. ಮೇಲಾಗಿ ಜನ ಎದ್ದು ಕುಣಿಯಲು ಶುರು ಮಾಡಿದರೆ ಡೋಲಕ್‌ನವರು ತಾವೇ ವೇಗ ಏರಿಸುತ್ತಾರೆ. ಅಂಥ ಹಾಡಿಗೆ ತಾಳದ ಲೆಕ್ಕವನ್ನೇ ಬಿಟ್ಟೆ. ಚಿತ್ರ ತನ್ನ ಪಾಡಿಗೆ ನಿಧಾನವಾಗಿ ಹರಿಯಲಿ, ಡೋಲಿನ ಕೆಳಸ್ವರದ ಏಟಿಗೆ ಅದರ ಬೆಳಕಷ್ಟೇ ಏರಿ ಇಳಿಯಲಿ. ಆರಾದರೇನು, ನಾಲ್ಕಾದರೇನು. ಬೆಳಕನ್ನೂ ಮಿತಿಯಲ್ಲಿಟ್ಟೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಜೋರಾಗಿ ಮಿಣುಕಿಸಿದರೆ ಮೂರ್ಛೆ ರೋಗ ಇರುವವರಿಗೆ ತೊಂದರೆ ಆಗಬಹುದು. ಮುಂದೆ ಕೂತವರಲ್ಲಿ ಯಾರಿಗೆ ಏನಿದೆ ಅಂತ ನಮಗೆ ಹೇಗೆ ಗೊತ್ತು?

ಇಷ್ಟೆಲ್ಲ ಆದಮೇಲೆ ಕನ್ನಡ ಬಂತು. ಮೊದಲೇ ನೋಡಬೇಕಿತ್ತು. ಪರೀಕ್ಷೆ ಮಾಡಿದವುಗಳಲ್ಲಿ ಒಂದರಲ್ಲಿ, ಯಾವುದು ಅಂತ ಬೇಡ, ಅಕ್ಷರ ಟೈಪ್ ಮಾಡುವ ಜಾಗದಲ್ಲಿ ಕನ್ನಡ ಅಂತ ಬರೆದೆ. ‘ಕನ್‌ನಡ’ ಅಂತ ಬಂತು. ಒತ್ತು ಕೆಳಗೆ ಹೋಗಲೇ ಇಲ್ಲ. ರಾಜ್ಯೋತ್ಸವಕ್ಕೆ ಬೇಕಾದ ಒಂದೇ ಒಂದು ಪದ ಅದು! ಮೂರು ಫಾಂಟ್ ಬದಲಿಸಿದರೂ ಅದೇ ಕಥೆ. ಅವತ್ತೇ ನಿರ್ಧಾರ ಮಾಡಿದೆ, ವಿಜೆ ಸಾಫ್ಟ್‌ವೇರ್ ಯಾವುದೇ ಇರಲಿ, ಕನ್ನಡ ಅದರೊಳಗೆ ಟೈಪ್ ಮಾಡುವುದಿಲ್ಲ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ‘ಬಾಲೂ ತಮ್ಮ’ ಅನ್ನುವ ಕನ್ನಡ ಫಾಂಟ್ ದಪ್ಪಗೆ, ದುಂಡಗೆ ಇದೆ, ದೂರಕ್ಕೂ ಓದಲು ಬರುತ್ತದೆ. ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಮೇಲಿನ ಲೇಯರಿಗೆ ಹಾಕುವುದು. ಸಂಘದವರು ಕಳಿಸಿದ ಅತಿಥಿಗಳ ಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿತ್ತು, ಯೂನಿಕೋಡಿಗೆ ತಂದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹನ್ನೊಂದು ಹೆಸರನ್ನೂ ಕೂತು ಹೊಸದಾಗಿ ಟೈಪ್ ಮಾಡಿದೆ. ಎರಡೆರಡು ಸಲ ಸಂಘದವರಿಗೆ ತೋರಿಸಿದೆ. ಹೆಸರು ತಪ್ಪಾದರೆ ಅದು ಸಾಫ್ಟ್‌ವೇರಿನ ತಪ್ಪು ಅಂತ ಯಾವ ಅಧ್ಯಕ್ಷರೂ ಒಪ್ಪುವುದಿಲ್ಲ.

ಕೊನೆಗೆ ಉಳಿದದ್ದು ದುಡ್ಡು. ರೆಸೊಲ್ಯೂಮ್‌ನಲ್ಲಿ ಎರಡು ಬಗೆ. ನಾನು ನೋಡಿದಾಗ ಅವೆನ್ಯೂಗೆ 299 ಯೂರೊ, ಅರೆನಾಗೆ 799. ಒಂದು ಮೂವತ್ತು ಸಾವಿರದ ಹತ್ತಿರ, ಇನ್ನೊಂದು ಎಪ್ಪತ್ತು ದಾಟುತ್ತಿತ್ತು. ಅರೆನಾದಲ್ಲಿ ಕಟ್ಟಡಗಳ ಮೇಲೆ ಚಿತ್ರ ಕೂರಿಸುವುದು, ಎರಡು ಪ್ರೊಜೆಕ್ಟರಿನ ಅಂಚು ಬೆಸೆಯುವುದು, ಸ್ಟೇಜ್ ಲೈಟುಗಳನ್ನು ಜೊತೆಗೆ ಆಡಿಸುವುದು, ಎಲ್ಲ ಇದೆ. ಅಮಾನಿಕೆರೆ ಹತ್ತಿರದ ಗಾಜಿನ ಮನೆಯ ಮೇಲೆ ಚಿತ್ರ ಬಿಡುವ ಕನಸು ಒಂದು ರಾತ್ರಿ ಕಂಡೆ. ಬೆಳಿಗ್ಗೆ ಎದ್ದಾಗ ಇದ್ದದ್ದು ಒಂದೇ ಆಯತಾಕಾರದ ವಾಲ್. ಅವೆನ್ಯೂ ಸಾಕು.

ಅಂಗಡಿಯೊಂದರಲ್ಲಿ ‘ಮೇಡಂ, ಸುಮ್ನೆ ಯಾಕೆ ಅಷ್ಟು ಕೊಡ್ತೀರ, ಕ್ರ್ಯಾಕ್ ಇದೆ, ಇನ್ನೂರು ರೂಪಾಯಿ’ ಅಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಆಗ ಇನ್ನೂ ಕೊಡದೆ ಇದ್ದ ಮೂರು ಮದುವೆ ಇದ್ದವು. ಯಾರೋ ಮುರಿದು ಒಳಗೆ ಏನೇನೋ ತುಂಬಿಸಿದ ಫೈಲನ್ನು ಅದರ ಪಕ್ಕ ಇಡುವುದಾ? ಅಮ್ಮನ ಚೀಟಿ ದುಡ್ಡು ಕೇಳಿದೆ. ಏಳು ಕಾರ್ಯಕ್ರಮದಲ್ಲಿ ತೀರಿಸುತ್ತೇನೆ ಅಂತ ಬರೆದುಕೊಟ್ಟೆ. ಅಮ್ಮ ಆ ಚೀಟಿಯನ್ನು ದೇವರ ಮನೆಯಲ್ಲಿಟ್ಟಿದ್ದಾರೆ.

ಕೊಳ್ಳುವ ಮೊದಲು ಒಂದು ದಿನ ಬೇಕಂತಲೇ ಕಾಟ ಕೊಟ್ಟೆ. ಓಡುತ್ತಿರುವಾಗ ಎಚ್‌ಡಿಎಂಐ ಕೇಬಲ್ ಕಿತ್ತೆ, ಮತ್ತೆ ಸಿಕ್ಕಿಸಿದೆ. ಚಾರ್ಜರ್ ಕಿತ್ತೆ. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕಸುವು ತಗ್ಗುತ್ತದೆ, ಮೂರು ಲೇಯರ್ ಇದ್ದದ್ದು ಎರಡಕ್ಕೆ ಇಳಿಸಬೇಕು ಅಂತ ಗೊತ್ತಾಯಿತು. ಐದು ಗಂಟೆ ಬಿಡದೆ ಓಡಿಸಿ ಲ್ಯಾಪ್‌ಟಾಪ್ ಎಷ್ಟು ಬಿಸಿಯಾಗುತ್ತದೆ ನೋಡಿದೆ. ವಾಟ್ಸ್ಆ್ಯಪ್, ವಿಂಡೋಸ್ ಅಪ್‌ಡೇಟ್ ಎಲ್ಲ ಬಾಯಿ ಮುಚ್ಚಿಸಿದೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಎಪಿಸಿ ಮಿನಿ ತರಿಸಿದೆ, ಸಾಫ್ಟ್‌ವೇರನ್ನು ಕೈಯಿಂದ ಆಡಿಸುವ ಬಟನ್ ಹಲಗೆ ಅದು. 64 ಬಟನ್, ಕೆಳಗೆ ಏರಿಸಿ ಇಳಿಸುವ ಒಂಬತ್ತು ಫೇಡರ್. ಧ್ವಜದ ಬಟನ್ ಮೇಲೆ ಒಂದು ಚೂರು ಬಟ್ಟೆ ಟೇಪ್, ದೀಪದ ಮೇಲೆ ಎರಡು ಚೂರು, ಪೂರ್ತಿ ಕಪ್ಪಾಗಿಸುವ ಬಟನ್‌ಗೆ ಒಂದು ಬೇಳೆಕಾಳು ಅಂಟಿಸಿದೆ. ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿದೆ. ಅಕ್ಕನ ಮಗ ಹಾಡಿನ ಹೆಸರು ಕೂಗುತ್ತಿದ್ದ, ನಾನು ಒತ್ತುತ್ತಿದ್ದೆ.

ಕಾರ್ಯಕ್ರಮದ ದಿನ ಮಾವನೂ ಬಂದಿದ್ದರು. ಮೂರನೇ ಹಾಡಿಗೇ ಪಟ್ಟಿ ಕೆಟ್ಟಿತು. ಅತಿಥಿಗಳು ಬೇಗ ಹೊರಡಬೇಕು ಅಂತ ನಾಡಿನ ಹಾಡು ಮುಂದಕ್ಕೆ ಬಂತು. ಒಂದು ಚೂರು ಟೇಪ್, ಒತ್ತಿದೆ. ಅರಿಶಿನ ಕುಂಕುಮದ ಬಣ್ಣ ವಾಲ್ ತುಂಬಿತು. ನಡುವೆ ಕರೆಂಟ್ ಹೋಗಿ ಜನರೇಟರಿಗೆ ಬದಲಾಗುವಾಗ ವಾಲ್ ಆರಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ವಾಲ್ ಹತ್ತಿಕೊಂಡಾಗ ನದಿ ಹರಿಯುತ್ತಲೇ ಇತ್ತು. ಅಷ್ಟರಲ್ಲಿ ನನ್ನ ಬೆನ್ನು ಪೂರ್ತಿ ಬೆವರಿತ್ತು.

ಎಲ್ಲ ಸರಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಹೆಸರಿನ ಲೇಯರಿನ ಫೇಡರ್ ಇಳಿಸುವುದು ಒಂದು ಸಲ ಮರೆತೆ. ಯುಗಳಗೀತೆ ಅರ್ಧ ಮುಗಿಯುವವರೆಗೂ ಪ್ರೇಮಿಗಳ ಹಿಂದೆ ಸಂಘದ ಮಾಜಿ ಅಧ್ಯಕ್ಷರ ಹೆಸರು ಹೂವಿನ ಮಳೆಯಲ್ಲಿ ನೆನೆಯುತ್ತಿತ್ತು. ಅವರು ಖುಷಿಯಾಗಿ ಫೋಟೊ ತೆಗೆಸಿಕೊಂಡರು.

ಸಾಮಾನು ಕಟ್ಟುವಾಗ ಕೀಬೋರ್ಡ್ ಅಣ್ಣ ಮುಂದಿನ ತಾರೀಕು ಹೇಳಿ ಹೋದರು. ಮಾವ ಮಾತ್ರ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಟೇಪ್ ಹಚ್ಚಿದ ಬಟನ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಬೇಳೆಕಾಳಿನ ಹತ್ತಿರ ಬೆರಳು ನಿಂತಿತು.

‘ಇದು ಎಲ್ಲಾ ಕತ್ತಲೆ?’

‘ಹೂಂ ಮಾವ.’

‘ಇದ್ರಲ್ಲಿ ಪರದೆ ಕೆಳಗಿಂದ ಮೇಲಕ್ಕೆ ಸುತ್ತಿಕೊಂಡು ಹೋಗೋ ಹಂಗೆ ಮಾಡಕ್ಕಾಗ್ತದಾ?’

ಮುಂದಿನ ಭಾನುವಾರ ಮಾಡಿಕೊಂಡು ಗುಬ್ಬಿಗೆ ಹೋದೆ. ದರ್ಬಾರಿನ ಚಿತ್ರ ಕೆಳಗಿನಿಂದ ಸುತ್ತಿಕೊಳ್ಳುತ್ತಾ ಮೇಲೆ ಹೋಯಿತು, ಹಿಂದಿನಿಂದ ಕಾಡು ಕಾಣಿಸಿತು. ಮಾವ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು.

‘ಸ್ವಲ್ಪ ನಿಧಾನ ಮಾಡು,’ ಎಂದರು. ‘ಬಟ್ಟೆ ತೂಕ ಇರ್ತದೆ.’